ಕಾಲುವೆ ಎಲ್ಲಿತ್ತು? ನಕ್ಷೆಯನ್ನೇ ಕೇಳೋಣ

2022ರ ಸೆಪ್ಟೆಂಬರ್ ಮಳೆ ನೆನಪಿದೆ ಅಲ್ವಾ? ಬೆಳ್ಳಂದೂರಿನ ಹೊರವರ್ತುಲ ರಸ್ತೆ ಮುಳುಗಿ, ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ನೀರು ತಗ್ಗಿನ ಕಡೆ ಹರಿಯುತ್ತೆ. ಇಲ್ಲಿ ಅದರ ದಾರಿ ಬೆಳ್ಳಂದೂರು ಕೆರೆ, ಆಮೇಲೆ ವರ್ತೂರು ಕೆರೆ, ಕೊನೆಗೆ ದಕ್ಷಿಣ ಪಿನಾಕಿನಿ. ಆ ದಾರಿಗೆ ಅಡ್ಡವಾಗಿ ನಾವು ಊರು ಕಟ್ಟಿದ್ದೇವೆ.

ಎಲ್ಲಿ ಅಡ್ಡ ಬಂದಿದ್ದೇವೆ ಅಂತ ತಿಳಿಯೋಕೆ ಜಿಐಎಸ್ ಬೇಕು. ಇದರಲ್ಲಿ ನಕ್ಷೆಗಳನ್ನು ಪದರಗಳಾಗಿ ಒಂದರ ಮೇಲೊಂದು ಇಡುತ್ತೇವೆ.

1. ಹಳೆಯ ಗ್ರಾಮ ನಕ್ಷೆ: ಕೆರೆ, ರಾಜಕಾಲುವೆ, ಸರ್ವೆ ನಂಬರ್.
2. ನೆಲದ ಎತ್ತರ: ನೀರು ಯಾವ ಕಡೆ ಇಳಿಯುತ್ತೆ.
3. ಉಪಗ್ರಹ ಚಿತ್ರ: ಈಗ ಅಲ್ಲಿ ಏನಿದೆ.

ಮೂರನ್ನೂ ಒಂದೇ ಅಕ್ಷಾಂಶ, ರೇಖಾಂಶಕ್ಕೆ ಹೊಂದಿಸಿದರೆ ಕಾಲುವೆಯ ಮೇಲೆ ಕೂತ ಕಟ್ಟಡ ಕಣ್ಣಿಗೆ ಬೀಳುತ್ತದೆ.

ಸರ್ಕಾರದ ಇಂಥ ಸಾಧನ ನಮ್ಮ ಫೋನಿಗೂ ಬಂದಿದೆ. ಭೂಮಾಪನ ಇಲಾಖೆಯ 'ದಿಶಾಂಕ್' ಆ್ಯಪ್, ನಾವು ನಿಂತ ಜಾಗದ ಸರ್ವೆ ನಂಬರನ್ನು ಗ್ರಾಮ ನಕ್ಷೆಯ ಮೇಲೆ ತೋರಿಸುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಬೆಂಗಳೂರು ಮೇಘ ಸಂದೇಶ' ಆ್ಯಪ್ ಮಳೆಯ ಮಾಹಿತಿ ಕೊಡುತ್ತದೆ.

ಒಂದು ಎಚ್ಚರಿಕೆ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸಬಹುದು. ಹಾಗಾಗಿ ದಿಶಾಂಕ್ ಸುಳಿವು ಮಾತ್ರ ಕೊಡುತ್ತೆ, ಗಡಿ ಗುರುತಿಸೋಕೆ ಸರ್ವೆಯರ್ ಅಳತೆಯೇ ಆಗಬೇಕು.

ನಾಳೆ ಕಟ್ಟಡದ ಪ್ಲಾನಿಗೆ ಸಹಿ ಹಾಕುವವರು ನಮ್ಮ ಕ್ಲಾಸಿನಲ್ಲೇ ಕೂತಿದ್ದಾರೆ. ಸಹಿಗೆ ಮೊದಲು ಹಳೆಯ ನಕ್ಷೆಯನ್ನೊಮ್ಮೆ ತೆರೆಯೋಣ. ಇವತ್ತೇ ನಿಮ್ಮ ಪಿಜಿಯ ಸರ್ವೆ ನಂಬರಿನಿಂದ ಶುರು ಮಾಡಿ.