ನಾಯಿಯ ಕರುಳಿಗೆ ರಕ್ತ ನಿಂತರೆ: ಒಸಡು ನೋಡಿ, ಗಡಿಯಾರ ನೋಡಿ

ಅಡಿಕೆ ಸುಲಿಯುವ ಕಾಲದಲ್ಲಿ ಬಾಳಗಡಿ, ಕೊಪ್ಪ ಕಡೆಯ ಮನೆಯಂಗಳದಲ್ಲಿ ನಾಯಿಯ ಬಾಯಿಗೆ ಸಿಗದ ವಸ್ತುವಿಲ್ಲ. ಕೋಳಿಸಾರಿನ ಮೂಳೆ, ಆ ಮೂಳೆಯನ್ನು ಕಟ್ಟಿ ಎಸೆದ ಕೊಟ್ಟೆ, ಚೀಲ ಹೊಲಿದು ಉಳಿದ ಗೋಣಿದಾರ. ಬೇಸಿಗೆಯಲ್ಲಾದರೆ ಮಾವಿನ ಗೊರಟು, ಹಲಸಿನ ಬೇಳೆ. ಹೆಚ್ಚಿನವು ಒಂದೆರಡು ದಿನದಲ್ಲಿ ಹೊರಗೆ ಬೀಳುತ್ತವೆ. ಬೀಳದೆ ಅಡ್ಡ ಕೂತಾಗ ನಾಯಿ ವಾಂತಿ ಮಾಡುತ್ತದೆ, ಮನೆಯವರು ಅದು ಏನು ನುಂಗಿತು ಎಂದು ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತಾರೆ. ಪಶುವೈದ್ಯರ ಲೆಕ್ಕ ಬೇರೆ: ಆ ಕರುಳಿಗೆ ಇನ್ನೂ ರಕ್ತ ಹೋಗುತ್ತಿದೆಯೇ? ಬರೀ ಅಡಚಣೆಯಾದರೆ ಒಂದಷ್ಟು ಸಮಯ ಸಿಗುತ್ತದೆ. ರಕ್ತ ನಿಂತಿದ್ದರೆ ಬೆಳಗಿನವರೆಗೆ ಕಾಯುವಂತಿಲ್ಲ.

ರಕ್ತ ಬರುವ ದಾರಿ

ಹೃದಯದಿಂದ ಹೊರಟ ಮಹಾಪಧಮನಿ ಬೆನ್ನೆಲುಬಿನ ಅಡಿಯಲ್ಲೇ ಹಿಂದಕ್ಕೆ ಸಾಗುತ್ತದೆ. ಜೀರ್ಣಾಂಗಗಳಿಗೆ ಅದರಿಂದ ಮೂರು ಕವಲು. ಮೊದಲನೆಯದು ಸೀಲಿಯಾಕ್, ಜಠರ, ಯಕೃತ್ತು, ಗುಲ್ಮಗಳಿಗೆ ಹೋಗುತ್ತಾ ಸಣ್ಣ ಕರುಳಿನ ಮೊದಲ ತುಂಡಿಗೂ ಒಂದು ಪಾಲು ಕೊಡುತ್ತದೆ. ಮೂರನೆಯದು ಕಾಡಲ್ ಮೆಸೆಂಟೆರಿಕ್, ದೊಡ್ಡ ಕರುಳಿನ ಕೊನೆಯ ಭಾಗಕ್ಕೆ. ಇವೆರಡರ ನಡುವಿನ ಕ್ರೇನಿಯಲ್ ಮೆಸೆಂಟೆರಿಕ್ ಎಂಬ ಕವಲೇ ಮುಖ್ಯವಾದದ್ದು. ಸಣ್ಣ ಕರುಳಿನ ಬಹುಪಾಲು, ದೊಡ್ಡ ಕರುಳಿನ ಮೊದಲ ಭಾಗ ಅದನ್ನೇ ನಂಬಿಕೊಂಡಿವೆ.

ಸಣ್ಣ ಕರುಳು ಮೆಸೆಂಟ್ರಿ ಎಂಬ ತೆಳು ಪರದೆಗೆ ಅಂಟಿಕೊಂಡು ತೂಗಾಡುತ್ತದೆ. ರಕ್ತನಾಳಗಳೆಲ್ಲ ಈ ಪರದೆಯೊಳಗೇ ಕಮಾನು ಕಮಾನಾಗಿ ಹರಡಿ, ಕರುಳಿನ ಒಂದೇ ಅಂಚಿನಿಂದ ಒಳಗೆ ಹೋಗುತ್ತವೆ. ಪರದೆಯ ಬುಡ ಚಿಕ್ಕದು. ಕರುಳೆಲ್ಲ ಆ ಬುಡದಲ್ಲಿ ತಿರುಚಿಕೊಂಡರೆ ಮುಖ್ಯ ನಾಳವೇ ಬಂದ್. ಜರ್ಮನ್ ಶೆಫರ್ಡ್ ನಾಯಿಗಳಲ್ಲಿ ಇದು ಹೆಚ್ಚು. ಶಸ್ತ್ರಚಿಕಿತ್ಸೆಗೆ ಒಯ್ದರೂ ಉಳಿಯುವವು ಕಡಿಮೆ.

ಅಪರೂಪದ ಆ ಕಾಯಿಲೆಗಿಂತ ನಮ್ಮ ಕಡೆ ಹೆಚ್ಚು ಕಾಣುವುದು ಬೇರೆ. ಪಾರ್ವೊ ಭೇದಿ ಅಥವಾ ಜಂತುಹುಳು ಕಾಟದ ನಂತರ ಮರಿನಾಯಿಯ ಕರುಳಿನ ಒಂದು ತುಂಡು ಪಕ್ಕದ ತುಂಡಿನೊಳಗೆ ನುಗ್ಗಿಬಿಡುತ್ತದೆ. ತನ್ನ ಜೊತೆ ಪರದೆಯನ್ನೂ ರಕ್ತನಾಳವನ್ನೂ ಎಳೆದುಕೊಂಡೇ ನುಗ್ಗುತ್ತದೆ. ಅಲ್ಲಿ ಮೊದಲು ಅಮುಕಿಕೊಳ್ಳುವುದು ತೆಳು ಗೋಡೆಯ ಅಭಿಧಮನಿ. ಒಳಬರುವ ಧಮನಿ ಇನ್ನೂ ಮಿಡಿಯುತ್ತಿರುತ್ತದೆ. ಬಸಿಗಾಲುವೆ ಕಟ್ಟಿಕೊಂಡ ತೋಟಕ್ಕೆ ಮೇಲಿನಿಂದ ನೀರು ಬರುತ್ತಲೇ ಇದ್ದರೆ ಅಡಿಕೆಯ ಬೇರಿಗೆ ಏನಾಗುತ್ತದೋ ಕರುಳಿಗೂ ಅದೇ ಗತಿ. ಅದು ಊದಿ, ಕಡುಗೆಂಪಾಗಿ, ಕೊನೆಗೆ ಕಪ್ಪಾಗುತ್ತದೆ. ಮೊದಲು ಸಾಯುವುದು ಒಳಪದರ. ಅದು ಸತ್ತ ಮೇಲೆ ಕರುಳಿನ ರೋಗಾಣು, ನಂಜು ಎಲ್ಲ ರಕ್ತಕ್ಕೆ ಸೇರುತ್ತವೆ.

ದಾರದ ಕಥೆ ಇನ್ನೂ ಕೆಟ್ಟದ್ದು. ಅದರ ಒಂದು ತುದಿ ನಾಲಗೆಯ ಬುಡದಲ್ಲೋ ಜಠರದ ಬಾಗಿಲಲ್ಲೋ ಸಿಕ್ಕಿಕೊಳ್ಳುತ್ತದೆ. ಉಳಿದದ್ದನ್ನು ಕರುಳು ಮುಂದಕ್ಕೆ ಎಳೆಯುತ್ತಾ ತಾನೇ ನೆರಿಗೆಯಾಗುತ್ತದೆ. ಬಿಗಿದ ದಾರ ಕೊಯ್ಯುವುದು ರಕ್ತನಾಳ ಒಳಹೋಗುವ ಅಂಚನ್ನೇ.

ಮನೆಯಲ್ಲಿ ನೋಡಬೇಕಾದ್ದು

ಮೊದಲು ಒಸಡು. ಮೇಲ್ದುಟಿ ಎತ್ತಿ, ಕೋರೆಹಲ್ಲಿನ ಮೇಲಿನ ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ಬಿಳುಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ಕಂಟ್ರಿ ನಾಯಿಗಳಲ್ಲಿ ಅನೇಕಕ್ಕೆ ಒಸಡೇ ಕಪ್ಪು. ಅವುಗಳ ಕೆಳರೆಪ್ಪೆಯನ್ನು ಸ್ವಲ್ಪ ಎಳೆದು ಒಳಭಾಗದ ಬಣ್ಣ ನೋಡಿ. ನಾಯಿ ಆರೋಗ್ಯವಾಗಿದ್ದಾಗಲೇ ಒಮ್ಮೆ ನೋಡಿಟ್ಟುಕೊಂಡರೆ ಕಾಯಿಲೆಯ ದಿನ ಅನುಮಾನ ಬರುವುದಿಲ್ಲ. ಬಿಳುಚಿದ್ದರೆ, ಇಟ್ಟಿಗೆಗೆಂಪಾಗಿದ್ದರೆ, ನೀಲಿಗಟ್ಟಿದ್ದರೆ ಮುಂದಿನ ಪರೀಕ್ಷೆ ಬೇಡ, ಗಾಡಿ ತೆಗೆಯಿರಿ.

ಬಿಳುಚಿದ ಒಸಡಿಗೆ ಮಲೆನಾಡಿನಲ್ಲಿ ಬೇರೆ ಕಾರಣಗಳೂ ಇವೆ. ಉಣ್ಣೆಯಿಂದ ಬರುವ ಬೇಬಿಸಿಯಾ ಒಂದು. ತೇವದ ಮಣ್ಣಿನಲ್ಲಿ ಬೆಳೆಯುವ ಕೊಕ್ಕೆಹುಳು ಇನ್ನೊಂದು. ಅದು ಕರುಳಿನ ಗೋಡೆಗೆ ಕಚ್ಚಿಕೊಂಡು ಕುಡಿಯುವುದು ಇದೇ ರಕ್ತವನ್ನು. ತಾಯಿಹಾಲಿನಿಂದಲೇ ಮರಿಗೆ ಬರುವುದರಿಂದ ಎರಡನೇ ವಾರಕ್ಕೇ ಜಂತುಹುಳು ಔಷಧಿ ಶುರುಮಾಡುತ್ತಾರೆ. ಕಾರಣ ಯಾವುದೇ ಇರಲಿ, ನಿಮ್ಮ ಕೆಲಸ ಒಂದೇ: ವೈದ್ಯರ ಹತ್ತಿರ ಒಯ್ಯುವುದು.

ಆಮೇಲೆ ಹೊಟ್ಟೆ. ಮುಟ್ಟಿದರೆ ಬಿಗಿ ಹಿಡಿಯುತ್ತದೆಯೇ, ಬೆನ್ನು ಕಮಾನು ಮಾಡುತ್ತದೆಯೇ, ಮುಂಗಾಲು ಚಾಚಿ ಹಿಂಭಾಗ ಎತ್ತಿ ನಿಲ್ಲುತ್ತದೆಯೇ? ವಾಂತಿ ಎಷ್ಟು ಸಲ, ಕುಡಿದ ನೀರೂ ನಿಲ್ಲುತ್ತಿಲ್ಲವೇ? ಮಲ ಟಾರಿನಂತೆ ಕಪ್ಪಾಗಿದ್ದರೆ ಮೇಲಿನ ಕರುಳಿನಲ್ಲೋ ಜಠರದಲ್ಲೋ ರಕ್ತ ಸೋರುತ್ತಿದೆ ಎಂದರ್ಥ. ಲೋಳೆಯೊಂದಿಗೆ ಕೆಂಪಾಗಿದ್ದರೆ ಕೆಳಗೆಲ್ಲೋ. ಥರ್ಮಾಮೀಟರ್ ಇದ್ದರೆ ಗುದದಲ್ಲಿಟ್ಟು ನೋಡಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ತೀರಾ ಕೆಳಗಿಳಿದ ಉಷ್ಣತೆ ಜ್ವರಕ್ಕಿಂತ ಅಪಾಯ. ಇದೆಲ್ಲವನ್ನೂ ಗಂಟೆ ಸಮೇತ ಒಂದು ಚೀಟಿಯಲ್ಲಿ ಬರೆದಿಡಿ.

ಹುಲ್ಲು ತಿಂದು ಒಮ್ಮೆ ಕಕ್ಕಿ ಮತ್ತೆ ಬಾಲ ಅಲ್ಲಾಡಿಸಿಕೊಂಡು ಓಡಾಡುವ ನಾಯಿಗೆ ಇಷ್ಟೆಲ್ಲ ಬೇಕಿಲ್ಲ.

ಮಾಡಬಾರದ್ದು

ಬಾಯಿಂದಲೋ ಗುದದಿಂದಲೋ ದಾರ ನೇತಾಡುತ್ತಿದ್ದರೆ ಎಳೆಯಬೇಡಿ. ಹರಳೆಣ್ಣೆ ಕುಡಿಸಬೇಡಿ, ಉಪ್ಪುನೀರು ಹಾಕಿ ಕಕ್ಕಿಸಬೇಡಿ. ಮನುಷ್ಯರ ನೋವಿನ ಮಾತ್ರೆಯಂತೂ ಕೂಡದು. ಕರುಳಿನ ಒಳಪದರಕ್ಕೆ ರಕ್ತ ಚೆನ್ನಾಗಿ ಹರಿಯಲು ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತು ಬೇಕು. ಐಬುಪ್ರೊಫೆನ್, ಡೈಕ್ಲೊಫೆನಾಕ್ ತಡೆಯುವುದು ಅದನ್ನೇ. ಚೆನ್ನಾಗಿದ್ದ ಕರುಳಿನಲ್ಲೂ ಹುಣ್ಣಾಗಿ ರಕ್ತ ಸೋರೀತು. ಪ್ಯಾರಾಸಿಟಮಾಲ್ ಯಕೃತ್ತಿಗೆ ವಿಷ.

ಹಂದಿ ತಿವಿದಾಗ

ತೋಟಕ್ಕೆ ನುಗ್ಗಿದ ಕಾಡುಹಂದಿಯನ್ನು ಅಟ್ಟಿಕೊಂಡು ಹೋದ ನಾಯಿ ಕೋರೆ ತಿವಿಸಿಕೊಂಡು, ಕರುಳು ಹೊರಬಂದು ಮರಳುವುದುಂಟು. ನೋಡಿದವರು ಹೌಹಾರಿ ಅದನ್ನು ಒಳಗೆ ತುರುಕಲು ಹೋಗುತ್ತಾರೆ. ತುರುಕಬೇಡಿ. ಡೆಟಾಲ್, ಅರಿಶಿನ, ಕಾಫಿಪುಡಿ ಯಾವುದೂ ಬೇಡ. ಇಲ್ಲಿ ಎರಡು ಅಪಾಯ: ಸಣ್ಣ ತೂತಿನಲ್ಲಿ ಕತ್ತು ಹಿಸುಕಿದಂತಾಗಿ ರಕ್ತ ನಿಲ್ಲುವುದು, ಗಾಳಿಗೆ ಕರುಳು ಒಣಗುವುದು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಹಾಕಿ, ಒಗೆದ ಪಂಚೆಯ ತುಂಡನ್ನು ಅದರಲ್ಲಿ ಅದ್ದಿ ಕರುಳಿನ ಮೇಲೆ ಹೊದಿಸಿ. ಮೇಲೊಂದು ಶುದ್ಧ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹೊಟ್ಟೆಯ ಸುತ್ತ ಸಡಿಲವಾಗಿ ಬಟ್ಟೆ. ದಾರಿಯುದ್ದಕ್ಕೂ ಒಬ್ಬರು ತಲೆ ಹಿಡಿದಿರಬೇಕು. ನಾಯಿ ತನ್ನ ಕರುಳನ್ನು ತಾನೇ ನೆಕ್ಕಿ ಕಚ್ಚುತ್ತದೆ. ಸಾಕಿದವರನ್ನೂ ನೋವಿನಲ್ಲಿ ಕಚ್ಚೀತು, ಜಾಗ್ರತೆ. ವಾಂತಿ ಮಾಡುವ ನಾಯಿಯ ಬಾಯಿ ಮಾತ್ರ ಕಟ್ಟಬಾರದು.

ಎಲ್ಲಿಗೆ, ಹೇಗೆ

ಹೊರಡುವ ಮುಂಚೆ ಫೋನ್ ಮಾಡಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಪಶು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ನಾಯಿಯನ್ನು ಸ್ಥಿರಗೊಳಿಸಿದರೆ ಮುಂದಿನ ಪಯಣಕ್ಕೆ ಬಲ. ಸ್ಕ್ಯಾನಿಂಗ್, ದೊಡ್ಡ ಶಸ್ತ್ರಚಿಕಿತ್ಸೆ ಎಂದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ದಾರಿ ಹಿಡಿಯಬೇಕು. ಮಳೆಗಾಲದಲ್ಲಿ ಆ ರಸ್ತೆಗೆ ಇನ್ನಷ್ಟು ಹೊತ್ತು ಸೇರಿಸಿಕೊಳ್ಳಿ. 1962ಕ್ಕೆ ಕರೆ ಮಾಡಿ ಕೇಳಬಹುದು, ಆದರೆ ಆ ಸಂಚಾರಿ ವಾಹನ ಮುಖ್ಯವಾಗಿ ದನಕರುಗಳಿಗೆಂದು ಇರುವುದು. ಅದನ್ನೇ ನೆಚ್ಚಿ ಕೂರಬೇಡಿ. ಅರಿವಳಿಕೆ ಕೊಡಬೇಕಾಗಬಹುದಾದ್ದರಿಂದ ಏನೂ ತಿನ್ನಿಸಬೇಡಿ.

ಹೊಟ್ಟೆ ತೆರೆದ ವೈದ್ಯರು ಕರುಳಿನ ಬಣ್ಣ ನೋಡುತ್ತಾರೆ, ಚಿವುಟಿದರೆ ಅಲೆ ಏಳುತ್ತದೆಯೇ ನೋಡುತ್ತಾರೆ, ಪರದೆಯ ಸಣ್ಣ ಧಮನಿಗಳಲ್ಲಿ ಮಿಡಿತ ಹುಡುಕುತ್ತಾರೆ. ಕಪ್ಪಾದ ಕರುಳೂ ತಿರುಚು ಬಿಡಿಸಿ ಸ್ವಲ್ಪ ಹೊತ್ತು ಬಿಟ್ಟರೆ ಒಮ್ಮೊಮ್ಮೆ ಬಣ್ಣ ಮರಳಿ ಪಡೆಯುವುದುಂಟು. ಪಡೆಯದಿದ್ದರೆ ಆ ತುಂಡನ್ನು ಕತ್ತರಿಸಿ, ರಕ್ತ ಚೆನ್ನಾಗಿರುವ ಎರಡು ತುದಿಗಳನ್ನು ಕೂಡಿಸಿ ಹೊಲಿಯುತ್ತಾರೆ.

ಆ ಹೊಲಿಗೆ ಬಿಟ್ಟುಕೊಳ್ಳುವ ಭಯ ಹೆಚ್ಚಿರುವುದು ಮೂರರಿಂದ ಐದನೇ ದಿನದವರೆಗೆ. ಮೊದಲೆರಡು ದಿನ ಚೆನ್ನಾಗಿ ಉಂಡ ನಾಯಿ ಆಮೇಲೆ ಮೂಲೆ ಸೇರಿ, ಊಟ ಬಿಟ್ಟು, ಮೈ ಬಿಸಿಯಾಗಿ, ಮತ್ತೆ ವಾಂತಿ ಶುರುವಾದರೆ ಅದೇ ದಿನ ವಾಪಸ್ ಒಯ್ಯಿರಿ. ಅಷ್ಟು ದಿನವೂ ಮೆತ್ತಗಿನ ಅನ್ನ, ಬೇಯಿಸಿದ ಮೂಳೆಯಿಲ್ಲದ ಕೋಳಿ, ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ. ಬೆಳಿಗ್ಗೆ ಸಂಜೆ ಒಸಡಿನ ಬಣ್ಣ ನೋಡಿ ಅದೇ ಚೀಟಿಯಲ್ಲಿ ಬರೆಯುತ್ತಾ ಹೋಗಿ.