ಸ್ನಾಯು ಅದುರಿದ್ರೆ ಹೆದರಬೇಕಾ?

ಗಂಡಸರಿಗೆ ಬಲಗಣ್ಣು, ಹೆಂಗಸರಿಗೆ ಎಡಗಣ್ಣು ಅದುರಿದ್ರೆ ಒಳ್ಳೇದು ಅಂತ ನಮ್ಮ ಮಾರ್ಟಳ್ಳಿ ಕಡೆ ಹಿರಿಯರು ಹೇಳ್ತಾರೆ. ಒಮ್ಮೊಮ್ಮೆ ಮೀನಖಂಡವೋ ತೋಳೋ ಅದುರುತ್ತೆ. ಆಗ ನಮ್ಮ ವಯಸ್ಸಿನವರು ಮೊಬೈಲ್‌ನಲ್ಲಿ ಹುಡುಕ್ತಾರೆ. ಅಲ್ಲಿ ಮೋಟರ್ ನ್ಯೂರಾನ್ ಕಾಯಿಲೆ ಅನ್ನೋ ಹೆಸರು ಕಂಡ್ರೆ ಆ ರಾತ್ರಿ ನಿದ್ದೆ ಬರಲ್ಲ. ನಿದ್ದೆಗೆಟ್ಟರೆ ಅದುರೋದು ಇನ್ನೂ ಜಾಸ್ತಿ ಆಗುತ್ತೆ!

ಒಳಗೆ ಏನಾಗುತ್ತೆ?

ಬೆನ್ನುಹುರಿಯಲ್ಲಿರುವ ಮೋಟರ್ ನ್ಯೂರಾನ್ ಎಂಬ ನರಕೋಶದಿಂದ ಉದ್ದನೆಯ ತಂತು ಹೊರಟು ಸ್ನಾಯುವನ್ನು ಸೇರುತ್ತದೆ. ಒಂದು ತಂತು ಸ್ನಾಯುವಿನ ಅನೇಕ ಎಳೆಗಳನ್ನು ನಡೆಸುತ್ತದೆ. ಮೀನಖಂಡದಲ್ಲಿ ಇಂಥ ಎಳೆಗಳು ಸಾವಿರಕ್ಕೂ ಹೆಚ್ಚು. ಮೆದುಳಿನ ಆಜ್ಞೆ ಇಲ್ಲದೆ ಆ ತಂತು ತಾನಾಗಿಯೇ ಸಿಡಿದ್ರೆ ಅಷ್ಟೂ ಎಳೆಗಳು ಒಟ್ಟಿಗೆ ಎಳೆದುಕೊಳ್ತವೆ. ಚರ್ಮದ ಕೆಳಗೆ ನಮಗೆ ಕಾಣೋದು ಅದೇ. ಇದಕ್ಕೆ ಫ್ಯಾಸಿಕ್ಯುಲೇಷನ್ ಅಂತಾರೆ.

ಜಾಸ್ತಿ ಕಾಫಿ, ಆಯಾಸ, ಆತಂಕ, ಕಠಿಣ ವ್ಯಾಯಾಮ ಇದ್ದಾಗ ಆರೋಗ್ಯವಂತರಲ್ಲೂ ಹೀಗಾಗುತ್ತೆ. ಅಮೆರಿಕದ ಮೇಯೋ ಕ್ಲಿನಿಕ್‌ನವರು ಬರೀ ಅದುರುವಿಕೆ ಇದ್ದ 121 ಜನರನ್ನು ವರ್ಷಗಟ್ಟಲೆ ಗಮನಿಸಿ 1993ರಲ್ಲಿ ವರದಿ ಮಾಡಿದರು. ಅವರಲ್ಲಿ ಒಬ್ಬರಿಗೂ ಈ ಕಾಯಿಲೆ ಬಂದಿರಲಿಲ್ಲ.

ಕಾಯಿಲೆಯಲ್ಲಿ ನರಕೋಶಗಳೇ ಸಾಯುತ್ತವೆ. ಸಾಯುವ ಮುಂಚೆ ಅವು ಸಿಡಿಯೋದುಂಟು. ಅನಾಥವಾದ ಎಳೆಗಳನ್ನು ಪಕ್ಕದ ತಂತುಗಳು ಸ್ವಲ್ಪ ಕಾಲ ನೋಡಿಕೊಳ್ತವೆ. ಅದು ಸಾಲದಾದಾಗ ಶಕ್ತಿ ಕುಂದುತ್ತದೆ, ಸ್ನಾಯು ಸಣಕಲಾಗುತ್ತದೆ. ಆದ್ದರಿಂದ ವೈದ್ಯರು ಅದುರುವಿಕೆಗಿಂತ ಹೆಚ್ಚಾಗಿ ಶಕ್ತಿಯನ್ನು ಪರೀಕ್ಷಿಸ್ತಾರೆ. ಬೇಕಾದ್ರೆ ಸ್ನಾಯುವಿಗೆ ಸಣ್ಣ ಸೂಜಿ ಹಾಕಿ ಇಎಂಜಿ ಮಾಡ್ತಾರೆ.

ನಿಮ್ಹಾನ್ಸ್ ಕಂಡ ಇನ್ನೊಂದು ಕಾಯಿಲೆ

ಶಕ್ತಿ ಕುಂದಿದ್ರೂ ಎಲ್ಲ ಸಲ ಕಥೆ ಒಂದೇ ಅಲ್ಲ. 1984ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಹೋದ್ಯೋಗಿಗಳು ಒಂದೇ ಕೈ ಅಥವಾ ಒಂದೇ ಕಾಲು ಸಣಕಲಾಗುವ ರೋಗಿಗಳ ಬಗ್ಗೆ ಬರೆದು, ಅದನ್ನು ಮೊನೊಮೆಲಿಕ್ ಅಮಯೋಟ್ರೋಫಿ ಎಂದು ಕರೆದರು. ಜಪಾನಿನ ಹಿರಾಯಾಮಾ 1959ರಲ್ಲೇ ಕೈಯಲ್ಲಿ ಇಂಥದ್ದನ್ನು ಗುರುತಿಸಿದ್ದರು. ಇದು ಹೆಚ್ಚಾಗಿ ನಮ್ಮ ವಯಸ್ಸಿನ ಹುಡುಗರಿಗೇ ಬರುತ್ತೆ. ಕೆಲವು ವರ್ಷ ಹೆಚ್ಚಾಗಿ, ಆಮೇಲೆ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಮೋಟರ್ ನ್ಯೂರಾನ್ ಕಾಯಿಲೆಯ ಮುಖ್ಯ ರೂಪವಾದ ಎಎಲ್‌ಎಸ್ ಹೀಗಲ್ಲ. ಅದು ಬಹುಪಾಲು ನಡುವಯಸ್ಸು ದಾಟಿದವರಲ್ಲಿ ಕಾಣಿಸಿಕೊಂಡು, ನಿಲ್ಲದೆ ಹರಡುತ್ತದೆ.

ಯಾವಾಗ ತೋರಿಸಬೇಕು?

ಅಂಗಿಯ ಗುಂಡಿ ಹಾಕೋಕೆ, ಬೀಗದ ಕೀ ತಿರುಗಿಸೋಕೆ ಕಷ್ಟವಾದ್ರೆ, ಗೊತ್ತಾಗದೆ ಕಾಲಿಂದ ಚಪ್ಪಲಿ ಜಾರ್ತಿದ್ರೆ, ಮಾತು ತೊದಲಿದ್ರೆ, ನುಂಗುವಾಗ ನೀರು ನೆತ್ತಿಗೇರ್ತಿದ್ರೆ, ಒಂದು ಕೈ ಇನ್ನೊಂದಕ್ಕಿಂತ ಸಣ್ಣಗಾದ್ರೆ ತಡಮಾಡಬೇಡಿ.

ನಮ್ಮೂರಲ್ಲಿ ಹೊಲ, ಕೂಲಿ ಅಂತ ದುಡಿಯೋ ಅಪ್ಪಅಮ್ಮಂದಿರು ಇದನ್ನ ಸುಸ್ತು ಅಂತ ತಳ್ಳಿಹಾಕೋದು ಸುಲಭ. ಅವರನ್ನು ಕೊಳ್ಳೇಗಾಲಕ್ಕೆ ಕರ್ಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಅವರು ಹೇಳಿದ್ರೆ ನಿಮ್ಹಾನ್ಸ್‌ಗೂ ಹೋಗಿ. ಕತ್ತಿನಲ್ಲಿ ನರ ಒತ್ತಿಕೊಂಡಂಥ, ಚಿಕಿತ್ಸೆ ಇರುವ ತೊಂದರೆಗಳೂ ಹೀಗೇ ಕಾಣಿಸಬಹುದು. ಎಎಲ್‌ಎಸ್‌ಗೆ ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದ್ರೆ ರಿಲುಜೋಲ್ ಮಾತ್ರೆ ಅದರ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ. ಉಸಿರಾಟ, ಊಟಕ್ಕೆ ಬೇಕಾದ ನೆರವನ್ನೂ ಮೊದಲೇ ಹೊಂದಿಸಿಕೊಳ್ಳಬಹುದು.