ರಾಕ್ಷಸನು ಬರುವನೋ, ಬಾರನೋ?

ಕಗ್ಗತ್ತಲೆಯ ಗುಹೆಯಲ್ಲಿ ನಾಲ್ವರು ಸಾಹಸಿಗಳು ನಡೆಯುತ್ತಿದ್ದಾರೆ. ಕೈಯಲ್ಲಿರುವುದು ಒಂದೇ ಪಂಜು. ಈ ಗುಹೆ ಇರುವುದು ಮೇಜಿನ ಸುತ್ತ ಕುಳಿತ ಗೆಳೆಯರ ಕಲ್ಪನೆಯಲ್ಲಿ ಮಾತ್ರ. ಆದರೂ ಅವರ ಎದೆ ಡವಗುಟ್ಟುತ್ತದೆ. ಇದು ಹೇಗೆ?

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವು ಪ್ರಕಟವಾಯಿತು. ಇದರಲ್ಲಿ ಒಬ್ಬನು ನಿರ್ವಾಹಕನಾಗಿ ಕಥೆಯನ್ನು ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸುತ್ತಾರೆ. ಸುರಂಗದಲ್ಲಿ ಪ್ರತಿ ಸರದಿಯ ಕೊನೆಗೂ ನಿರ್ವಾಹಕನು ಆರು ಮುಖಗಳ ದಾಳವನ್ನು ಉರುಳಿಸಬೇಕು. 6 ಬಿದ್ದರೆ ಅಲೆದಾಡುವ ರಾಕ್ಷಸನೊಬ್ಬನು ಎದುರಾಗುತ್ತಾನೆ. ಇದು ಅಂದಿನ ನಿಯಮ.

ಇದನ್ನು ಲೆಕ್ಕಹಾಕಿ ನೋಡೋಣ. ಒಂದು ಸರದಿಯಲ್ಲಿ ರಾಕ್ಷಸನು ಬಾರದಿರುವ ಸಂಭಾವ್ಯತೆ 5/6. ನಾಲ್ಕು ಸರದಿಗಳಲ್ಲಿಯೂ ಬಾರದಿರುವ ಸಂಭಾವ್ಯತೆ 5/6 × 5/6 × 5/6 × 5/6, ಅಂದರೆ ಸುಮಾರು 0.48. ಹಾಗಾದರೆ ನಾಲ್ಕು ಸರದಿಗಳೊಳಗೆ ಅವನು ಬರುವ ಸಂಭಾವ್ಯತೆ 0.52, ಅರ್ಧಕ್ಕಿಂತ ತುಸು ಹೆಚ್ಚು. ಆದರೆ ದಾಳಕ್ಕೆ ನೆನಪೆಂಬುದಿಲ್ಲ. ಮೂರು ಸರದಿಗಳು ಸುಮ್ಮನೆ ಕಳೆದರೂ ನಾಲ್ಕನೆಯದರಲ್ಲಿ ಸಂಭಾವ್ಯತೆ ಮತ್ತೆ 1/6 ಮಾತ್ರ. ರಾಕ್ಷಸನು ಥಟ್ಟನೆ ಬಂದಾಗ ನಾವು ಬೆಚ್ಚಿಬೀಳುತ್ತೇವೆ, ನಿಜ; ಆದರೆ ಅದಕ್ಕೆ ಮುನ್ನ ಭಯವು ಹೆಜ್ಜೆಹೆಜ್ಜೆಗೂ ಬೆಳೆಯುವುದಿಲ್ಲ.

ಹಾಗಾದರೆ ಭಯವು ತುತ್ತತುದಿಗೆ ಏರುವುದು ಯಾವಾಗ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು ಈ ಬಗೆಗಿನ ಪ್ರಯೋಗವೊಂದನ್ನು 2016ರಲ್ಲಿ ಪ್ರಕಟಿಸಿದರು. ಕಂಪ್ಯೂಟರಿನ ಪರದೆಯ ಮೇಲೆ ಕಾಣುವ ಕಲ್ಲಿನ ಕೆಳಗೆ ಹಾವಿದೆಯೇ ಎಂದು 45 ಮಂದಿ ಊಹಿಸಬೇಕಾಗಿತ್ತು. ಹಾವಿದ್ದರೆ ಕೈಗೆ ನೋವಾಗುವಂತೆ ವಿದ್ಯುತ್ತಿನ ಆಘಾತ! ಅವರ ಬೆವರನ್ನೂ ಕಣ್ಣಿನ ಪಾಪೆ ಹಿಗ್ಗುವುದನ್ನೂ ಅಳೆದು ನೋಡಿದರು. ಆಘಾತವು ಖಚಿತವಾಗಿದ್ದಾಗಲಲ್ಲ, ಅದರ ಸಂಭಾವ್ಯತೆ 1/2 ಆಗಿದ್ದಾಗಲೇ ಉದ್ವೇಗವು ಅತ್ಯಧಿಕವಾಗಿತ್ತು.

ಈ ತಿಳಿವಿನಿಂದ ಆಟದ ನಿಯಮವನ್ನು ತಿದ್ದೋಣ. ಮೊದಲನೆಯ ಸರದಿಯಲ್ಲಿ ಕೊಳೆತ ವಾಸನೆ ಬರಲಿ. 6 ಬಿದ್ದರೆ ಮಾತ್ರ ರಾಕ್ಷಸನು ಬರುವನು. ಎರಡನೆಯದರಲ್ಲಿ ಒದ್ದೆ ಮಣ್ಣಿನ ಮೇಲೆ ದೊಡ್ಡ ಹೆಜ್ಜೆಗುರುತು. ಈಗ 5 ಅಥವಾ 6. ಮೂರನೆಯದರಲ್ಲಿ ಬಂಡೆಯಾಚೆಗೆ ಉಸಿರಾಟದ ಸದ್ದು. ಈಗ 4, 5 ಅಥವಾ 6. ಸಂಭಾವ್ಯತೆ 1/6ರಿಂದ 1/3ಕ್ಕೂ, ಅಲ್ಲಿಂದ 1/2ಕ್ಕೂ ಏರಿತು. ಮೂರು ಸರದಿಗಳನ್ನೂ ದಾಟಿ ಪಾರಾಗುವ ಸಂಭಾವ್ಯತೆ 5/6 × 4/6 × 3/6, ಅಂದರೆ 5/18.

ಇಲ್ಲಿಗೆ ನಿಲ್ಲಿಸಬೇಕು. ಇನ್ನೂ ಏರಿಸಿದರೆ ರಾಕ್ಷಸನ ಬರವು ಖಚಿತವಾಗುತ್ತಾ ಹೋಗಿ ಉದ್ವೇಗವು ಇಳಿಮುಖವಾದೀತು. ದಾಳವನ್ನು ಎಲ್ಲರ ಕಣ್ಣೆದುರಿಗೇ ಉರುಳಿಸಬೇಕು. ಅಪಾಯದ ಅಳತೆ ಆಟಗಾರರಿಗೆ ತಿಳಿದಿರಲಿ. ಪಂಜನ್ನು ಆರಿಸಿದರೆ ಸಂಭಾವ್ಯತೆ 1/3ಕ್ಕೆ ಇಳಿಯುವುದು, ಆದರೆ ದಾರಿ ಕಾಣದು ಎಂಬಂತಹ ಆಯ್ಕೆಯೊಂದನ್ನೂ ಅವರ ಮುಂದಿಡಬೇಕು.

ಪೂರ್ಣವಾಗಿ ಬಲ್ಲದ್ದಕ್ಕಿಂತಲೂ ಅರ್ಧ ಬಲ್ಲದ್ದಕ್ಕೇ ನಾವು ಹೆಚ್ಚು ಅಂಜುತ್ತೇವೆ. ಪರೀಕ್ಷೆಯ ಫಲಿತಾಂಶದ ಹಿಂದಿನ ರಾತ್ರಿಯನ್ನು ನೆನೆದರೆ ಈ ಮಾತು ವಿದ್ಯಾರ್ಥಿಗಳಿಗೆ ಸುಲಭವಾಗಿ ಮನದಟ್ಟಾದೀತು.